ಬಾಪನ ಚೇತಕ್ ಯಾರ ಪಾಲಿನದು?

ಬೈಲಹೊಂಗಲದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಬಜಾಜ್ ಚೇತಕ್ ಎಂಟು ವರ್ಷ ತಾಡಪಾಲು ಹೊದ್ದು ನಿಂತಿತ್ತು. 1984ರ ಗಾಡಿ. ಕರಾವಳಿಯಿಂದ ಬಂದು ಇಲ್ಲಿ ಚಾ ಪುಡಿ ವ್ಯಾಪಾರಕ್ಕೆ ನಿಂತ ಬಾಪ, ಇದರ ಮೇಲೆಯೇ ಕಿತ್ತೂರು, ಸವದತ್ತಿ, ರಾಮದುರ್ಗದ ಹೋಟೆಲುಗಳಿಗೆ ಡಬ್ಬ ಮುಟ್ಟಿಸುತ್ತಿದ್ದರು. ಮಳೆಗಾಲದಲ್ಲಿ ಎರೆ ಮಣ್ಣು ಮಡ್‌ಗಾರ್ಡಿನೊಳಗೆ ಕಚ್ಚಿಕೊಂಡು ಚಕ್ರವೇ ತಿರುಗುತ್ತಿರಲಿಲ್ಲವಂತೆ. ಕಡ್ಡಿಯಿಂದ ಕೆರೆದು ಕೆರೆದು ಮುಂದೆ ಹೋಗುತ್ತಿದ್ದರು.

ಹಳೆಯ ಗಾಡಿಯನ್ನು ಮೊದಲಿನ ಹಾಗೆ ಮಾಡಿಸುವ ಹುಚ್ಚು ಈಗ ಎಲ್ಲ ಕಡೆ ಇದೆ. ನಮ್ಮ ತಮ್ಮನಿಗೂ ಹಿಡಿಯಿತು. ಮೈಸೂರಿನ ಕೃಷ್ಣಕುಮಾರ್ ಎಂಬವರು ತಂದೆ ಕೊಟ್ಟ ಚೇತಕ್‌ನಲ್ಲಿ ತಾಯಿಯನ್ನು ಕೂರಿಸಿಕೊಂಡು 2018ರಿಂದ ದೇಶ ಸುತ್ತಿದ್ದನ್ನು ಮೊಬೈಲಿನಲ್ಲಿ ತೋರಿಸಿ, "ಅವರದ್ದು ಓಡುತ್ತೆ, ನಮ್ಮದು ತುಕ್ಕು ಹಿಡೀತಿದೆ" ಅಂದ. ಮಾತು ನಾಟಿತು. ಮಾರನೇ ದಿನವೇ ಗಾಡಿ ಗ್ಯಾರೇಜಿಗೆ ಹೋಯ್ತು.

ಗ್ಯಾರೇಜಿನ ಹಿರಿಯರು ಇಂಜಿನ್ ಮುಟ್ಟಲೇ ಇಲ್ಲ. ಮೊದಲು ಕಾಲಿಡುವ ತಳವನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿದರು. "ಹಜರತ್ರ, ಇಂಜಿನ್ ಯಾವಾಗರ ಮಾಡಬಹುದ್ರೀ. ತಳಾ ಹೋದ್ರ ಗಾಡೀನ ಹೋದಂಗ." ಕಾರಣ ಇದೆ. ಇಟಲಿಯ ಪಿಯಾಜಿಯೊ ಕಂಪನಿ 1946ರಲ್ಲಿ ತಂದ ವೆಸ್ಪಾದ ರೀತಿಯಲ್ಲೇ ಚೇತಕ್ ಕೂಡ. ಬೈಕಿನಂತೆ ಬೇರೆ ಪೈಪಿನ ಚೌಕಟ್ಟಿಲ್ಲ, ಉಕ್ಕಿನ ತಗಡಿನ ಮೈಯೇ ಎಲ್ಲ ಭಾರ ಹೊರಬೇಕು. ಬಜಾಜ್ ಮೊದಲು ಲೈಸೆನ್ಸ್ ಮೇಲೆ ವೆಸ್ಪಾವನ್ನೇ ತಯಾರಿಸುತ್ತಿತ್ತು. ಆ ಒಪ್ಪಂದ ಮುಗಿದ ಮೇಲೆ, 1972ರಲ್ಲಿ, ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ಚೇತಕ್ ತಂದಿತು. ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಕಾಲ ಅದು. 2020ರಿಂದ ಅದೇ ಹೆಸರಿನಲ್ಲಿ ಬರುತ್ತಿರುವುದು ಬ್ಯಾಟರಿ ಗಾಡಿ. ಅದಕ್ಕೂ ಇದಕ್ಕೂ ಒಂದು ಬೋಲ್ಟೂ ಹೊಂದುವುದಿಲ್ಲ!

ನಮ್ಮ ಗಾಡಿಯ ತಳ ಎರಡು ಕಡೆ ಕೊಳೆತಿತ್ತು. ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಯಾರಿಗೂ ಗೊತ್ತಾಗದು, ಆದರೆ ಮುಂದಿನ ಮಳೆಗೆ ಮತ್ತೆ ಬಾಯಿ ಬಿಡುತ್ತದೆ. ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆಯಬೇಕೆಂದರು. ಬಣ್ಣದ ವಿಷಯಕ್ಕೆ ಮನೆಯಲ್ಲೇ ಜಗಳ. ತಮ್ಮನಿಗೆ ಕೆಂಪು ಬೇಕು, ಉಮ್ಮನಿಗೆ "ಮೊದಲಿದ್ದದ್ದೇ". ಟೂಲ್ ಬಾಕ್ಸ್ ಬಿಚ್ಚಿದಾಗ ಒಳಗಡೆ ಬಿಸಿಲು ಕಾಣದ ತಿಳಿನೀಲಿ ಹಾಗೇ ಉಳಿದಿತ್ತು. ಅದೇ ಬಣ್ಣ ಕಲಸಿಸುವುದೆಂದು ನಿಂತಿತು. ಎಂಟು ವರ್ಷ ಕೂತ ಗಾಡಿಯಲ್ಲಿ ರಬ್ಬರ್ ಸೀಲುಗಳು ಕಲ್ಲಾಗಿರುತ್ತವೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಅಲ್ಲಿಂದ ಗಾಳಿ ಎಳೆದರೆ ಪಿಸ್ಟನ್ ಸುಟ್ಟು ಕಚ್ಚಿಕೊಳ್ಳುತ್ತದೆ. ಆದ್ದರಿಂದ ಸೀಲು ಬದಲಿಸದೆ ಕಿಕ್ ಹೊಡೆಯಬೇಡಿ ಎಂದು ತಾಕೀತು ಮಾಡಿದರು.

ಇಷ್ಟರಲ್ಲಿ ಮಂಗಳೂರಿನಿಂದ ಅಕ್ಕನ ಫೋನು. ಗಾಡಿ ಗ್ಯಾರೇಜಿನಲ್ಲಿರುವ ಫೋಟೊ ತಮ್ಮ ಕಳಿಸಿದ್ದ. "ಚಂದ ಆಗ್ತದೆ. ಆದ್ರೆ ಒಂದು ಮಾತು ಕೇಳ್ಬಹುದಿತ್ತಲ್ವಾ? ಬಾಪನ ಗಾಡಿಯಲ್ಲಿ ನಾವಿಬ್ರು ಹೆಣ್ಮಕ್ಕಳು ಇಲ್ವಾ?"

ನಮಗೆ ಉತ್ತರ ಇರಲಿಲ್ಲ. ಮದ್ರಸದಲ್ಲಿ ಮಕ್ಕಳಿಗೆ ಮೀರಾಸಿನ ಲೆಕ್ಕ ಕಲಿಸುವವರು ನಾವು. ಬಾಪನ ಅಂಗಡಿ, ಮನೆ ಎಲ್ಲವನ್ನೂ ಪಾಲು ಮಾಡಿದ್ದೆವು. ಹಿತ್ತಲಿನ ಗುಜರಿಯನ್ನು ಆಸ್ತಿ ಅಂತ ಯಾರೂ ಎಣಿಸಿರಲಿಲ್ಲ. ಗುಜರಿ ಇದ್ದಾಗ ಯಾರಿಗೂ ಬೇಡ, ಹೊಳಪು ಬಂದ ಮೇಲೆ ಗಂಡುಮಕ್ಕಳದ್ದು!

ಕೆಲಸ ನಿಲ್ಲಿಸಿದೆವು. ದುರಸ್ತಿಗೆ ಮೊದಲು ಗಾಡಿ ಇದ್ದ ಹಾಗೆಯೇ ಎಷ್ಟು ಬಾಳುತ್ತಿತ್ತು ಎಂದು ಹೊರಗಿನ ಇಬ್ಬರನ್ನು ಕೇಳಿದೆವು. 24 ಸಾವಿರಕ್ಕೆ ನಿಂತಿತು. ಬಾಪನ ಸಾಲ ಮೊದಲೇ ತೀರಿತ್ತು, ಅವರ ತಂದೆ ತಾಯಿ ಅವರಿಗಿಂತ ಮೊದಲೇ ಹೋಗಿದ್ದರು. ಉಮ್ಮನಿಗೆ ಎಂಟನೇ ಒಂದು, ಅಂದರೆ 3,000. ಉಳಿದ 21,000ದಲ್ಲಿ ಗಂಡುಮಕ್ಕಳಿಬ್ಬರಿಗೆ 7,000ದಂತೆ, ಹೆಣ್ಣುಮಕ್ಕಳಿಬ್ಬರಿಗೆ 3,500ರಂತೆ. ಗಾಡಿ ನಮ್ಮಲ್ಲೇ ಇಟ್ಟುಕೊಳ್ಳುವುದಾಗಿ ಹೇಳಿ ಎಲ್ಲರ ಪಾಲಿನ ಹಣ ಕೊಡಲು ಒಪ್ಪಿದೆವು. ದುರಸ್ತಿ ಮುಗಿದ ಮೇಲೆ ಈ ಲೆಕ್ಕಕ್ಕೆ ಕೂತಿದ್ದರೆ, ಏರಿದ ಬೆಲೆ ಯಾರದೆಂದು ಇನ್ನೊಂದು ಜಗಳ ಹುಟ್ಟುತ್ತಿತ್ತು.

ಕಾಗದದ ಕೆಲಸವೂ ಇದೇ ದಾರಿ ಹಿಡಿಯಿತು. ಮಾಲೀಕ ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ನಾವು ವರ್ಷಗಳನ್ನೇ ಕಳೆದಿದ್ದೆವು, ದಂಡ ಬಿತ್ತು. ಉಳಿದ ವಾರಸುದಾರರ ಒಪ್ಪಿಗೆ ಪತ್ರಕ್ಕೆ ಅಕ್ಕ ತಂಗಿಯರ ಸಹಿ ಇಲ್ಲಿಯೂ ಬೇಕೇ ಬೇಕಾಯಿತು. ಖಾಸಗಿ ಗಾಡಿಗೆ 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಬೇರೆ. 2022ರ ಏಪ್ರಿಲ್‌ನಿಂದ, ತಡಮಾಡಿದರೆ ದ್ವಿಚಕ್ರಕ್ಕೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ. ಹಿತ್ತಲಲ್ಲಿ ಗಾಡಿ ಇಟ್ಟುಕೊಂಡವರು ಇದನ್ನು ಗಮನಿಸಿ.

"ವಿಂಟೇಜ್ ಮಾಡಿಸಿಬಿಡಿ" ಎಂದು ಸಲಹೆ ಕೊಡುವವರಿಗೇನೂ ಕಮ್ಮಿ ಇರಲಿಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿ ಮಾತ್ರ ವಿಂಟೇಜ್. ಹೊಸ ನೋಂದಣಿಗೆ 20 ಸಾವಿರ. ಅದರಲ್ಲಿ ದಿನನಿತ್ಯ ಓಡಾಡುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದಕ್ಕಷ್ಟೆ. 1984ರದ್ದಕ್ಕೆ ಆ ಮಾತೇ ಇಲ್ಲ.

ಕೆಲಸ ಮತ್ತೆ ಶುರುವಾಯಿತು. ಹಿಂಬದಿಯ ಸೈಡ್ ಬಾನೆಟ್ ಮೇಲೆ ಡಬ್ಬದ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರು ಇದೆ. ಅದನ್ನು ಟಿಂಕರ್ ಮಾಡಿ ಸಮ ಮಾಡುವುದು ಬೇಡ ಎಂದು ಅಕ್ಕ ಹೇಳಿಕಳಿಸಿದಳು. ಆ ಬಾನೆಟ್ ಒಂದನ್ನು ಒರೆಸಿ ಹಾಗೇ ಬಿಟ್ಟಿದ್ದೇವೆ. ಗಾಡಿಯ ಉಳಿದ ಮೈಗೂ ಅದಕ್ಕೂ ಬಣ್ಣ ತುಸು ಹೊಂದುವುದಿಲ್ಲ. ಪಾಸಿಂಗ್ ಇನ್ನೂ ಆಗಿಲ್ಲ, ರಸ್ತೆಗೆ ಇಳಿಸಿಲ್ಲ. ಅಕ್ಕನ 3,500 ಹೋದ ವಾರ ಕಳಿಸಿದೆವು, ತಂಗಿಯದ್ದು ಮುಂದಿನ ತಿಂಗಳ ಸಂಬಳಕ್ಕೆ.