ನಾರ್ಥಾಂಪ್ಟನ್‌ಶೈರ್ ಸ್ಕೋರ್ ಎಷ್ಟಾಯ್ತು?

ನಮ್ಮನೆ ಸಿಂಗಾಪುರದಲ್ಲಿ. ವಿಮಾನ ಹತ್ತಿ ಹೋಗೋ ಸಿಂಗಾಪುರ ಅಲ್ಲ, ವಿದ್ಯಾರಣ್ಯಪುರದ ಹತ್ತಿರ ಇದೆಯಲ್ಲ, ಅದು. 2023ರ ಸೆಪ್ಟೆಂಬರ್‌ನಲ್ಲಿ ಆಫೀಸಿನಲ್ಲಿ ನಾನು ಬೆಂಚ್ ಮೇಲಿದ್ದೆ. ಪ್ರಾಜೆಕ್ಟ್ ಮುಗಿದಿತ್ತು, ಹೊಸದು ಸಿಕ್ಕಿರಲಿಲ್ಲ. ಮನೆಯಲ್ಲಿ ಹೇಳಿರಲಿಲ್ಲ. ವರ್ಕ್ ಫ್ರಮ್ ಹೋಮ್ ಅಂತ ರೂಮಿನ ಬಾಗಿಲು ಹಾಕಿಕೊಂಡು, ಫೋನ್‌ನಲ್ಲಿ ಇಂಗ್ಲೆಂಡಿನ ಕೌಂಟಿ ಪಂದ್ಯ ನೋಡ್ತಿದ್ದೆ. ಕೌಂಟಿಗಳು ಯೂಟ್ಯೂಬಲ್ಲಿ ಪುಕ್ಕಟೆ ತೋರಿಸ್ತಾರೆ. ಗ್ಯಾಲರಿಯಲ್ಲಿ ಸ್ವೆಟರ್ ಹಾಕಿದ ನಾಲ್ಕು ಅಜ್ಜಂದಿರು, ಕ್ರೀಸಿನಲ್ಲಿ ನಮ್ಮ ಕರುಣ್ ನಾಯರ್.

ಕರುಣ್ ಯಾರು ಅಂತ ಕನ್ನಡಿಗರಿಗೆ ಹೇಳಬೇಕಿಲ್ಲ. 2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ 328. ಮರುವರ್ಷ ಡಿಸೆಂಬರ್ 19ರಂದು ಚೆನ್ನೈ ಟೆಸ್ಟ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ಭಾರತದ ಪರ ಅದಕ್ಕೂ ಮುಂಚೆ ತ್ರಿಶತಕ ಹೊಡೆದಿದ್ದು ಸೆಹ್ವಾಗ್ ಒಬ್ಬರೇ. ಆದ್ರೆ ಮುಂದಿನ ಟೆಸ್ಟ್‌ಗೇ ಕರುಣ್‌ಗೆ ಜಾಗ ಇರಲಿಲ್ಲ! ಆಮೇಲೆ ಆಸ್ಟ್ರೇಲಿಯಾ ವಿರುದ್ಧ ಮೂರು ಪಂದ್ಯ, ಅಷ್ಟೇ. 2018ರಲ್ಲಿ ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ ಒಂದು ಟೆಸ್ಟೂ ಆಡಿಸಲಿಲ್ಲ. 2022ರ ಹೊತ್ತಿಗೆ ಕರ್ನಾಟಕ ತಂಡದಲ್ಲೂ ಸ್ಥಾನ ಹೋಯ್ತು. ಪ್ರಿಯ ಕ್ರಿಕೆಟ್ಟೇ, ಇನ್ನೊಂದು ಅವಕಾಶ ಕೊಡು ಅಂತ ಅವರು ಟ್ವೀಟ್ ಮಾಡಿದ್ದು ಆಗಲೇ.

ಬೆಂಚ್ ಮೇಲೆ ಕೂತವನಿಗೆ ಆ ಟ್ವೀಟ್ ಹೇಗೆ ತಾಗುತ್ತೆ ಅಂತ ಬೇರೆ ಹೇಳಬೇಕಾ?

ಆ ಸೆಪ್ಟೆಂಬರ್‌ನಲ್ಲಿ ನಾರ್ಥಾಂಪ್ಟನ್‌ಶೈರ್ ಪರ ಕರುಣ್ ಆಡಿದ್ದು ಮೂರೇ ಪಂದ್ಯ. ಅದರಲ್ಲೇ ಸರ್ರೆ ವಿರುದ್ಧ, ಓವಲ್‌ನಲ್ಲಿ 150. ಅಂದು ನನ್ನ ಕೂಗು ಕೇಳಿ ಅಪ್ಪ ಬಾಗಿಲು ತೆಗೆದರು. ಸಿಕ್ಕಿಬಿದ್ದೆ. ಬೈತಾರೆ ಅಂದುಕೊಂಡ್ರೆ, "ನಾರ್ಥಾಂಪ್ಟನ್‌ಶೈರಾ? ನಮ್ಮ ಕುಂಬ್ಳೆ ಆಡಿದ್ದು ಅದಕ್ಕೇ ಕಣೋ" ಅಂತ ಪಕ್ಕದಲ್ಲೇ ಕೂತರು. 1995ರಲ್ಲಿ, ಅಂದ್ರೆ ನಾನು ಹುಟ್ಟಿದ ವರ್ಷ, ಕುಂಬ್ಳೆ ಆ ಕೌಂಟಿಗೆ 105 ವಿಕೆಟ್ ತೆಗೆದಿದ್ರು. ಅದೇ ಬೇಸಿಗೆಯಲ್ಲಿ ಶ್ರೀನಾಥ್ ಗ್ಲೌಸ್ಟರ್‌ಶೈರ್‌ಗೆ 87. (ಇಬ್ಬರೂ ಇಂಜಿನಿಯರುಗಳು, ಗಮನಿಸಿ.) ಅಪ್ಪನಿಗೆ ಆಗ ಪೇಪರಿನ ಸಣ್ಣಕ್ಷರದ ಸ್ಕೋರೇ ಗತಿ, ಅದೂ ಮಾರನೇ ದಿನ. ಬೆಂಚ್ ವಿಷಯ ಅವತ್ತೇ ಹೇಳಿಬಿಟ್ಟೆ. "ಸರಿ, ಸಿಗುತ್ತೆ ಬಿಡು, ಈಗ ಓವರ್ ನೋಡು" ಅಂದ್ರು.

ಏಪ್ರಿಲ್ 2024ರಲ್ಲಿ ಗ್ಲಾಮೊರ್ಗನ್ ಮೇಲೆ ಅಜೇಯ 202 ಬಂದಾಗ ನನಗೆ ಪ್ರಾಜೆಕ್ಟ್ ಸಿಕ್ಕಿತ್ತು. ಮೀಟಿಂಗ್‌ನಲ್ಲಿದ್ದವನಿಗೆ ಅಪ್ಪನೇ ವಾಟ್ಸಾಪ್‌ನಲ್ಲಿ ಸ್ಕೋರ್ ಕಳಿಸಿದ್ರು.

ನಿಜವಾದ ಕಷ್ಟ ಬಂದಿದ್ದು 2025ರ ಜನವರಿ 18ಕ್ಕೆ. ಅಷ್ಟರಲ್ಲಿ ಕರುಣ್ ವಿದರ್ಭಕ್ಕೆ ಹೋಗಿದ್ರು. ವಿಜಯ್ ಹಜಾರೆ ಟೂರ್ನಿಯಲ್ಲಿ ಐದು ಶತಕ, ಒಂದೇ ಸಲ ಔಟ್. ಫೈನಲ್‌ಗೆ ಮುಂಚೆ 752 ರನ್, ಸರಾಸರಿ 752. ನಮ್ಮ ಆಫೀಸಲ್ಲಿ ಇಂಥ ಅಂಕಿ ಬಂದಿದ್ರೆ ಬಗ್ ಅಂತ ಟಿಕೆಟ್ ತೆಗೀತಿದ್ವಿ. ಫೈನಲ್‌ನಲ್ಲಿ ಎದುರಾಳಿ ಯಾರು ಗೊತ್ತಾ? ಕರ್ನಾಟಕ.

ಅಪ್ಪನಿಗೆ ಗೊಂದಲವೇ ಇಲ್ಲ. "ರಾಜ್ಯ ರಾಜ್ಯವೇ" ಅಂದ್ರು. ನಾನು ಕರುಣ್ ಶತಕ ಹೊಡೀಲಿ, ಕರ್ನಾಟಕ ಗೆಲ್ಲಲಿ ಅಂತ ಬೇಡಿಕೊಂಡೆ. ಪುಕ್ಕಲು ರಾಜಿ, ಒಪ್ಪಿಕೊಳ್ತೀನಿ. 27ಕ್ಕೆ ಪ್ರಸಿದ್ಧ್ ಕೃಷ್ಣ ಬೌಲ್ಡ್ ಮಾಡಿದಾಗ ಅಪ್ಪ ಚಪ್ಪಾಳೆ ತಟ್ಟಿದ್ರು. ನನ್ನ ಕೈ ಮೇಲೇಳಲಿಲ್ಲ. ಕರ್ನಾಟಕ 36 ರನ್‌ಗಳಿಂದ ಗೆದ್ದಿತು. ಊಟಕ್ಕೆ ಕೂತಾಗ ಇಬ್ಬರೂ ಮಾತಾಡಲಿಲ್ಲ. ಅಮ್ಮ ಮಾತ್ರ, "ಗೆದ್ದಿದ್ದು ನಮ್ಮೋರೇ ತಾನೇ? ಮತ್ತೆ ಯಾಕೆ ಹಿಂಗೆ?" ಅಂದ್ಲು.

ಆಮೇಲಿನ ಕತೆ ನೀವೂ ನೋಡಿದ್ದೀರಿ. ವಿದರ್ಭಕ್ಕೆ ರಣಜಿ ಗೆಲ್ಲಿಸಿ, ಎಂಟು ವರ್ಷದ ನಂತರ ಟೆಸ್ಟ್ ತಂಡಕ್ಕೆ ವಾಪಸ್. ಇಂಗ್ಲೆಂಡಿನಲ್ಲಿ ನಾಲ್ಕು ಟೆಸ್ಟ್, 205 ರನ್. ಕಡಿಮೆಯೇ, ಅಭಿಮಾನಿ ಅಂತ ಸುಳ್ಳು ಹೇಳಲ್ಲ. ಲೀಡ್ಸ್‌ನಲ್ಲಿ ಸೊನ್ನೆಗೆ ಔಟಾದಾಗ ಅಪ್ಪ ಟಿವಿ ಆರಿಸಿ ಎದ್ದು ಹೋದ್ರು. ಆದ್ರೆ ಓವಲ್‌ನಲ್ಲಿ ಭಾರತದ 224ರಲ್ಲಿ ಅತಿ ಹೆಚ್ಚು ಗಳಿಸಿದ್ದು ಅವರೇ, 57. ಆ ಪಂದ್ಯ ನಾವು ಗೆದ್ದಿದ್ದು 6 ರನ್‌ಗಳಿಂದ. ಅದನ್ನ ಲೆಕ್ಕಕ್ಕೆ ಇಡಲೇ ಇಲ್ಲ ಆಯ್ಕೆಗಾರರು. ಮುಂದಿನ ಸರಣಿಗೆ ಕೈಬಿಟ್ಟರು. ಆ ಜಾಗಕ್ಕೆ ಬಂದ ದೇವದತ್ತ ಪಡಿಕ್ಕಲ್ ಕೂಡ ನಮ್ಮ ರಾಜ್ಯದವರೇ, ಕೋಪ ಮಾಡ್ಕೊಳ್ಳೋದು ಯಾರ ಮೇಲೆ?

2025ರ ಅಕ್ಟೋಬರ್‌ನಲ್ಲಿ ಕರುಣ್ ಮತ್ತೆ ಕರ್ನಾಟಕದ ಪರ ಆಡಿದ್ರು. ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಅಜೇಯ 174. ನಾನು ರಿಲೀಸ್ ಕೆಲಸದಲ್ಲಿ ಮುಳುಗಿ ಸ್ಕೋರ್ ನೋಡಿರಲಿಲ್ಲ. ಬೆಳಗ್ಗೆ ಅಪ್ಪ ಪೇಪರ್ ಮಡಚಿ, ಕಾಫಿ ಲೋಟದ ಪಕ್ಕ ಇಟ್ಟು ಹೋಗಿದ್ರು. ಸ್ಕೋರ್‌ಬೋರ್ಡ್ ಕಾಣೋ ಹಾಗೆ.