ಅಂಚಿಗೆ ಸಾಣೆ, ಹಿಮಕ್ಕೆ ಗೆರೆ

ಆಲ್ಪ್ಸ್‌ನ ಸ್ಕೀ ತಾಣಗಳಲ್ಲಿ ರಾತ್ರಿಯೆಲ್ಲ ಯಂತ್ರಗಳು ಓಡಾಡಿ ಇಳಿಜಾರಿನ ಹಿಮವನ್ನು ಬಾಚಿ, ಒತ್ತಿ, ಗಟ್ಟಿ ಮಾಡಿರುತ್ತವೆ. ಬೆಳಿಗ್ಗೆ ಲಿಫ್ಟ್ ಶುರುವಾಗಿ ಮೊದಲ ಸವಾರರು ಇಳಿದು ಹೋದ ಮೇಲೆ ಆ ಹಾಸಿನ ಮೇಲೆ ಎರಡು ಬಗೆಯ ಗುರುತು ಕಾಣಿಸುತ್ತದೆ. ಒಂದು, ಅಗಲಕ್ಕೆ ಒರೆಸಿದಂಥದ್ದು. ಅಲ್ಲಿ ಸ್ನೋಬೋರ್ಡ್ ಅಡ್ಡಡ್ಡ ಜಾರಿ ಹಿಮವನ್ನು ಕೆರೆದು ವೇಗ ಕಳೆದುಕೊಂಡಿದೆ. ಇನ್ನೊಂದು, ಎಡಕ್ಕೂ ಬಲಕ್ಕೂ ಬಳುಕುತ್ತ ಇಳಿಯುವ ಒಂದೇ ಒಂದು ಸಪೂರ ಗೆರೆ. ಹಲಗೆಯ ಮೂತಿ ಕೊರೆದ ಗೀರಿನಲ್ಲೇ ನಡುವೂ ಬಾಲವೂ ಹಾದುಹೋದಾಗ ಮಾತ್ರ ಅಂಥ ಗೆರೆ ಮೂಡುತ್ತದೆ. ಇದಕ್ಕೆ ಕಾರ್ವಿಂಗ್ ಎನ್ನುತ್ತಾರೆ. ಇದಕ್ಕೆಂದೇ ರೂಪುಗೊಂಡ ಉದ್ದನೆಯ, ಸಪೂರವಾದ, ಬಿಗಿ ಹಲಗೆಯೇ ಆಲ್ಪೈನ್ ಸ್ನೋಬೋರ್ಡ್.

ಸಾಮಾನ್ಯ ಸ್ನೋಬೋರ್ಡ್‌ನ ನಡು ಸುಮಾರು 25 ಸೆಂಟಿಮೀಟರ್ ಅಗಲವಿದ್ದರೆ ಆಲ್ಪೈನ್ ಹಲಗೆಯದು ಹೆಚ್ಚಾಗಿ 18ರಿಂದ 22. ಕಾಲಿಗೆ ಮೆತ್ತನೆಯ ಬೂಟಿನ ಬದಲು ಸ್ಕೀ ಬೂಟಿನಂಥ ಗಟ್ಟಿ ಪ್ಲಾಸ್ಟಿಕ್ ಬೂಟು, ಪಟ್ಟಿಯ ಬದಲು ಲೋಹದ ಕೊಂಡಿ. ಎರಡೂ ಪಾದಗಳು ಬಹುಪಾಲು ಮುಂದಕ್ಕೇ ಮುಖ ಮಾಡಿರುತ್ತವೆ. ಕಾಲು ಕೊಂಚ ಅಲುಗಿದರೂ ಅದು ಅಂಚಿಗೆ ತಲುಪಿಬಿಡುತ್ತದೆ. ನಡುವೆ ತಪ್ಪನ್ನು ನುಂಗಿಕೊಳ್ಳುವ ಮೆತ್ತನೆಯ ಪದರವೇ ಇಲ್ಲ. ಹಾಗಾಗಿ ಸವಾರಿಯಷ್ಟೇ ಮುಖ್ಯವಾದ ಕೆಲಸ ಹಿಂದಿನ ರಾತ್ರಿ ಮೇಜಿನ ಮೇಲೆ ನಡೆಯುತ್ತದೆ. ಅದನ್ನು ಅಂಗಡಿಗೆ ಬಿಟ್ಟು ಸುಮ್ಮನಿರುವುದಕ್ಕಿಂತ ಸವಾರರು ತಾವೇ ಕಲಿಯಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಹಲಗೆ ಯಾವ ಕಾಲಿಗೆ, ಯಾವ ತೂಕಕ್ಕೆ ಹೊಂದಬೇಕು ಎಂಬುದು ಆ ಕಾಲಿನವರಿಗೇ ಗೊತ್ತು.

ಮೊದಲು ಹಲಗೆಯ ಲೆಕ್ಕ. ಆಲ್ಪೈನ್ ಹಲಗೆಯ ಎರಡೂ ಅಂಚುಗಳು ಒಳಕ್ಕೆ ಬಾಗಿರುತ್ತವೆ. ಆ ಬಾಗನ್ನು ಒಂದು ದೊಡ್ಡ ವೃತ್ತದ ತುಣುಕೆಂದು ಭಾವಿಸಿ, ಆ ವೃತ್ತದ ತ್ರಿಜ್ಯವನ್ನು ಹಲಗೆಯ ಗುಣವಾಗಿ ಹೇಳುವುದು ರೂಢಿ. ಹಿಮಕ್ಕೆ ತಾಗುವ ಅಂಚು 1.45 ಮೀಟರ್ ಇದ್ದು ತ್ರಿಜ್ಯ 11 ಮೀಟರ್ ಆದರೆ ನಡುವಿನಲ್ಲಿ ಅಂಚು ಒಳಕ್ಕೆ ಸರಿದಿರುವುದು ಸುಮಾರು 24 ಮಿಲಿಮೀಟರ್ ಮಾತ್ರ. ತಿರುವೆಲ್ಲ ಹುಟ್ಟುವುದು ಅಷ್ಟರಲ್ಲೇ. ಹಲಗೆಯನ್ನು ವಾಲಿಸಿ ಭಾರ ಹಾಕಿದಾಗ ನಡು ಹಿಮದತ್ತ ತಗ್ಗಿ ಅಂಚು ಬಿಲ್ಲಿನಂತೆ ಬಾಗುತ್ತದೆ. ಹೆಚ್ಚು ವಾಲಿದಷ್ಟೂ ತಿರುವು ಕಿರಿದಾಗುತ್ತದೆ. ತ್ರಿಜ್ಯವನ್ನು ವಾಲಿದ ಕೋನದ ಕೊಸೈನ್‌ನಿಂದ ಗುಣಿಸಿದರೆ ಅಂದಾಜು ಉತ್ತರ ಸಿಗುತ್ತದೆ: 60 ಡಿಗ್ರಿ ವಾಲಿಸಿದರೆ 11 ಮೀಟರಿನ ಹಲಗೆ ಐದೂವರೆ ಮೀಟರಿನ ತಿರುವು ತೆಗೆದುಕೊಳ್ಳುತ್ತದೆ.

ಇಲ್ಲೇ ಹೊಸಬರು ಎಡವುವುದು. ಸ್ಪರ್ಧಾಳುಗಳು ಬಳಸುವ 185 ಸೆಂಟಿಮೀಟರಿನ, 20 ಮೀಟರ್ ತ್ರಿಜ್ಯದ ಜೈಂಟ್ ಸ್ಲಾಲಮ್ ಹಲಗೆಯ ಮೇಲೆ ಕಣ್ಣು ಹೋಗುತ್ತದೆ. ಆದರೆ 45 ಡಿಗ್ರಿ ವಾಲಿ ನಿಂತು ಬೀಳದಿರಬೇಕಾದರೆ 11 ಮೀಟರಿನ ಹಲಗೆಗೆ ಗಂಟೆಗೆ ಸುಮಾರು 31 ಕಿಲೋಮೀಟರ್ ವೇಗ ಸಾಕು. 20 ಮೀಟರಿನದಕ್ಕೆ 42 ಬೇಕು. ಜನರಿರುವ ಇಳಿಜಾರಿನಲ್ಲಿ, ಕಲಿಯುವ ಹಂತದಲ್ಲಿ, ಆ ಹನ್ನೊಂದು ಕಿಲೋಮೀಟರಿನ ಅಂತರ ಬಹಳ ದೊಡ್ಡದು. 160ರ ಆಸುಪಾಸಿನ ಉದ್ದ, 10ರಿಂದ 12 ಮೀಟರಿನ ತ್ರಿಜ್ಯ, ಇದೇ ಆರಂಭಕ್ಕೆ ಸರಿಯಾದ ಹಲಗೆ ಎಂದು ನನ್ನ ಅಭಿಪ್ರಾಯ.

ಒಲಿಂಪಿಕ್ಸ್‌ಗೆ ಈ ಹಲಗೆ ಬಂದದ್ದು 1998ರಲ್ಲಿ, ಜಪಾನಿನ ನಾಗಾನೊ ಕೂಟದಲ್ಲಿ. 2002ರಿಂದ ಇಬ್ಬರು ಅಕ್ಕಪಕ್ಕದಲ್ಲಿ ಇಳಿಯುವ ಪ್ಯಾರಲಲ್ ಜೈಂಟ್ ಸ್ಲಾಲಮ್ ಶುರುವಾಯಿತು. 2018ರಲ್ಲಿ ಜೆಕ್ ದೇಶದ ಎಸ್ಟರ್ ಲೆಡೆಕ್ಕಾ ಒಂದೇ ಕೂಟದಲ್ಲಿ ಸ್ಕೀಯಿಂಗ್‌ನ ಸೂಪರ್-ಜಿ ಮತ್ತು ಈ ಸ್ನೋಬೋರ್ಡ್ ಸ್ಪರ್ಧೆ ಎರಡರಲ್ಲೂ ಚಿನ್ನ ಗೆದ್ದಾಗ ಜಗತ್ತು ಒಮ್ಮೆ ಇತ್ತ ತಿರುಗಿ ನೋಡಿತು. ಸ್ಪರ್ಧೆಯ ಗೊಡವೆಯೇ ಇಲ್ಲದವರೂ ಇದ್ದಾರೆ. ಸ್ವಿಟ್ಜರ್ಲೆಂಡಿನ ಜಿನಾಲ್ ಎಂಬ ಹಳ್ಳಿಯ ಇಳಿಜಾರುಗಳಲ್ಲಿ ಬೆಳೆದ ಎಕ್ಸ್‌ಟ್ರೀಮ್ ಕಾರ್ವಿಂಗ್ ಶೈಲಿಯಲ್ಲಿ ತಿರುವಿನ ನಡುವೆ ಇಡೀ ಮೈ ಹಿಮಕ್ಕೆ ಒರಗಿಬಿಡುತ್ತದೆ. ಆದರೂ ಬಳಸುವವರು ಕಡಿಮೆ. ದೊಡ್ಡ ಕಂಪನಿಗಳಲ್ಲಿ ಹಲವು ಈ ಹಲಗೆಯನ್ನು ಕೈಬಿಟ್ಟವು. ಉಳಿಸಿದ್ದು ಸಣ್ಣ ಕಾರ್ಖಾನೆಗಳು: ಸ್ವಿಟ್ಜರ್ಲೆಂಡಿನ ಕೆಸ್ಲರ್, ಕೊಲರಾಡೊದ ಡೊನೆಕ್, ಕೆನಡಾದ ಕಾಯ್ಲರ್, 2006ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಆಸ್ಟ್ರಿಯಾದ ಸಿಗಿ ಗ್ರಾಬ್ನರ್ ಕಟ್ಟಿದ ಎಸ್‌ಜಿ. ಸವಾರರ ತೂಕ, ಬೂಟಿನ ಅಳತೆ, ಇಳಿಯುವ ವೇಗ ಕೇಳಿಕೊಂಡು ಅವರಿಗೆಂದೇ ಹಲಗೆ ಮಾಡಿಕೊಡುವ ಪದ್ಧತಿ ಇಲ್ಲಿ ಇನ್ನೂ ಉಳಿದಿದೆ. ಇಂದಿನ ಒಳ್ಳೆಯ ಹಲಗೆಗಳ ಮರದ ತಿರುಳಿನ ಮೇಲೂ ಕೆಳಗೂ ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತೆಳು ಹಾಳೆ ಇರುತ್ತದೆ. ಅದು ನಡುಕವನ್ನು ಹೀರಿ ಅಂಚನ್ನು ಮಂಜುಗಟ್ಟಿದ ನೆಲಕ್ಕೆ ಅಂಟಿಸುತ್ತದೆ. ಆದರೆ ಉಬ್ಬುತಗ್ಗಿನಲ್ಲಿ ಮೂತಿ ಸಿಕ್ಕಿ ಮಡಚಿದರೆ ಲೋಹ ಬಾಗಿದಂತೆಯೇ ಉಳಿದುಬಿಡುತ್ತದೆ.

ಇನ್ನು ಕಾಲಿನ ಸಂಗತಿ. ಬೂಟನ್ನು ಹಲಗೆಗೆ ಬಿಗಿಯುವ ಕೊಂಡಿಯನ್ನು, ಅಂದರೆ ಬೈಂಡಿಂಗನ್ನು, ಕೂರಿಸುವ ಕೋನವನ್ನು ಅವರಿವರನ್ನು ನೋಡಿ ಇಟ್ಟುಕೊಳ್ಳುವಂತಿಲ್ಲ. ಅದನ್ನು ಹಲಗೆಯ ಅಗಲ ಮತ್ತು ಬೂಟಿನ ಉದ್ದ ಸೇರಿ ತೀರ್ಮಾನಿಸುತ್ತವೆ. ಪಾದ ಹಲಗೆಗೆ ಪೂರ್ತಿ ಅಡ್ಡವಾಗಿದ್ದರೆ ಸೊನ್ನೆ ಡಿಗ್ರಿ ಎಂದು ಲೆಕ್ಕ. 30 ಸೆಂಟಿಮೀಟರ್ ಉದ್ದದ ಬೂಟನ್ನು 50 ಡಿಗ್ರಿಗೆ ತಿರುಗಿಸಿದರೆ ಅದು ಅಡ್ಡಕ್ಕೆ ಸುಮಾರು 19 ಸೆಂಟಿಮೀಟರ್ ಆಕ್ರಮಿಸುತ್ತದೆ, 60ಕ್ಕೆ ತಿರುಗಿಸಿದರೆ 15. ಬೂಟಿನ ಅಗಲವನ್ನೂ ಇದಕ್ಕೆ ಸೇರಿಸಿ ನೋಡಬೇಕು. ಬೆರಳ ತುದಿಯಾಗಲಿ ಹಿಮ್ಮಡಿಯಾಗಲಿ ಅಂಚಿನಾಚೆ ಚಾಚಿದರೆ, ಹಲಗೆ ಆಳಕ್ಕೆ ವಾಲಿದ ಕ್ಷಣ ಬೂಟು ಹಿಮಕ್ಕೆ ತಾಗಿ ಅಂಚನ್ನೇ ಮೇಲೆತ್ತಿಬಿಡುತ್ತದೆ. ಸವಾರ ಬೀಳುವುದು ಆಗಲೇ. ಬೂಟು ತೀರಾ ಒಳಗೆ ಸರಿದರೆ ಅಂಚಿನ ಮೇಲೆ ಹಿಡಿತ ತಗ್ಗುತ್ತದೆ. ತುದಿಗಳು ಅಂಚಿನ ನೇರಕ್ಕೆ ಬರುವಂತೆ ಇಡುವುದೇ ಸರಿ. ಹಾಗಾಗಿ ಹೆಚ್ಚಿನವರ ಕೋನ 50ರಿಂದ 65ರ ನಡುವೆ ಬಂದು ನಿಲ್ಲುತ್ತದೆ, ಮುಂದಿನ ಪಾದಕ್ಕೆ ಹಿಂದಿನದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು.

ಎರಡು ಪಾದಗಳ ನಡುವೆ ಅರ್ಧ ಮೀಟರಿನಷ್ಟು ಅಂತರವಿಟ್ಟು ಮಂಡಿ ಮಡಚಿ ನಿಂತಾಗ ಹಿಂದಿನ ಮಂಡಿ ಮುಂದಕ್ಕೂ ಕೆಳಕ್ಕೂ ಬರಬೇಕು. ಗಟ್ಟಿ ಬೂಟು ಅದಕ್ಕೆ ಸುಲಭವಾಗಿ ಬಿಡುವುದಿಲ್ಲ. ಹಾಗಾಗಿ ಹಿಂದಿನ ಹಿಮ್ಮಡಿಯ ಕೆಳಗೂ ಮುಂದಿನ ಬೆರಳುಗಳ ಕೆಳಗೂ ಬೆಣೆಯಾಕಾರದ ತುಂಡು ಇಟ್ಟು ಎತ್ತರಿಸುತ್ತಾರೆ. ಮೂರು ಡಿಗ್ರಿಯಿಂದ ಶುರು ಮಾಡಿದರೆ ಸಾಕು. ಮಂಡಿಗಳು ಒಳಕ್ಕೋ ಹೊರಕ್ಕೋ ಸೆಳೆಯುತ್ತಿದ್ದರೆ ಅಡ್ಡ ಬೆಣೆಯೂ ಬೇಕಾಗಬಹುದು. ಬೂಟಿನ ಹಿಂಬದಿಯ ಲಿವರ್‌ನಲ್ಲಿ ಹಿಂದಿನ ಕಾಲನ್ನು ಹೆಚ್ಚು ಮುಂದಕ್ಕೆ ಬಾಗಿಸಿ, ಮುಂದಿನದನ್ನು ಕೊಂಚ ನೇರ ಬಿಡುವುದು ವಾಡಿಕೆ. ಇವೆಲ್ಲ ಒಂದನ್ನೊಂದು ಅಲುಗಿಸುವ ಸಂಗತಿಗಳು. ಹಾಗಾಗಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು, ಒಂದೇ ಇಳಿಜಾರಿನಲ್ಲಿ ಹಲವು ಸಲ ಇಳಿದು ನೋಡಬೇಕು. ಮೂರನ್ನು ಒಟ್ಟಿಗೆ ತಿರುಗಿಸಿದವರಿಗೆ ಯಾವುದು ನೆರವಾಯಿತು ಎಂದು ಎಂದಿಗೂ ತಿಳಿಯದು.

ಈಗ ಅಂಚು. ಹಲಗೆಯ ಸುತ್ತ ಸುಮಾರು ಎರಡು ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿ ಇರುತ್ತದೆ. ಅದಕ್ಕೆ ಎರಡು ಮುಖ: ಒಂದು ತಳದ ಕಡೆ, ಒಂದು ಪಕ್ಕದ ಕಡೆ. ತಳದ ಮುಖವನ್ನು ಅರ್ಧದಿಂದ ಒಂದು ಡಿಗ್ರಿ ಮೇಲಕ್ಕೆ ಓರೆ ಮಾಡುತ್ತಾರೆ. ಇಲ್ಲದಿದ್ದರೆ ಹಲಗೆ ಚಪ್ಪಟೆಯಾಗಿ ಜಾರುವಾಗಲೂ ಅಂಚು ಹಿಮಕ್ಕೆ ಸಿಕ್ಕಿಕೊಳ್ಳುತ್ತದೆ. ಪಕ್ಕದ ಮುಖವನ್ನು ಎರಡು ಮೂರು ಡಿಗ್ರಿ ಒಳಕ್ಕೆ ತೆಗೆಯುತ್ತಾರೆ. ತಳದಲ್ಲಿ ಅರ್ಧ, ಪಕ್ಕದಲ್ಲಿ ಎರಡೂವರೆ ಎಂದರೆ ಅಂಚಿನ ಕೋನ 88 ಡಿಗ್ರಿ. ಈ ಎರಡರಲ್ಲಿ ಪಕ್ಕದ್ದನ್ನು ಮತ್ತೆ ಮತ್ತೆ ತಿದ್ದಬಹುದು. ತಳದ್ದನ್ನು ಹೆಚ್ಚು ತೆಗೆದರೆ ಮರಳಿ ತರುವ ದಾರಿ ಒಂದೇ, ಇಡೀ ತಳವನ್ನು ಯಂತ್ರದ ಕಲ್ಲಿನಲ್ಲಿ ಅರೆಯಿಸುವುದು. ಹಾಗಾಗಿ ಅನುಭವಿಗಳು ತಳದ ಅಂಚಿಗೆ ಅರ ಮುಟ್ಟಿಸಲು ಹಿಂಜರಿಯುತ್ತಾರೆ, ಆ ಹಿಂಜರಿಕೆ ಸರಿಯಾದದ್ದೇ.

ಕೆಲಸ ಶುರುವಾಗುವ ಮುನ್ನ ಅಲ್ಯೂಮಿನಿಯಂ ಅಥವಾ ಉಕ್ಕಿನ ನೇರಪಟ್ಟಿಯನ್ನು ತಳಕ್ಕೆ ಅಡ್ಡವಾಗಿ ಇಟ್ಟು ಬೆಳಕಿಗೆ ಹಿಡಿಯಬೇಕು. ನಡುವೆ ಬೆಳಕು ನುಸುಳಿದರೆ ತಳ ಗುಳಿಬಿದ್ದು ಅಂಚುಗಳು ಎದ್ದಿವೆ ಎಂದರ್ಥ. ಅಂಥ ಹಲಗೆ ಹಳಿಗೆ ಸಿಕ್ಕಿದಂತೆ ನೇರ ಓಡುತ್ತದೆ, ತಿರುವಿನಿಂದ ಬಿಡಿಸಿಕೊಳ್ಳುವುದಿಲ್ಲ. ಎರಡು ಬದಿಗಳಲ್ಲಿ ಬೆಳಕು ಕಂಡರೆ ನಡು ಉಬ್ಬಿದೆ. ಹಲಗೆ ತೇಲಾಡುತ್ತದೆ, ಅಂಚು ತಡವಾಗಿ ಕಚ್ಚುತ್ತದೆ. ಇದನ್ನು ನೋಡದೆ ಅಂಚು ಹರಿತ ಮಾಡುತ್ತ ಕೂತರೆ ಶ್ರಮವೆಲ್ಲ ವ್ಯರ್ಥ.

ಬಳಿಕ ಅಂಚಿನ ಉದ್ದಕ್ಕೂ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು, ಕೋನ ಹಿಡಿಯುವ ಚೌಕಟ್ಟಿಗೆ ಅರವನ್ನು ಕಚ್ಚಿಸಿ, ಮೂತಿಯಿಂದ ಬಾಲದ ಕಡೆಗೆ ಹಗುರವಾಗಿ ಎಳೆಯುತ್ತಾರೆ. ಬಣ್ಣ ಪೂರ್ತಿ ಹೋದರೆ ಅರ ಎಲ್ಲೆಡೆ ತಾಗಿದೆ. ಮೇಲಿನ ಅರ್ಧದಲ್ಲಿ ಬಣ್ಣ ಉಳಿದರೆ ಕೋನ ಇನ್ನೂ ಕೂತಿಲ್ಲ. ಅಂಚಿನ ಮೇಲಿರುವ ಪ್ಲಾಸ್ಟಿಕ್ ಗೋಡೆ ಅರಕ್ಕೆ ಅಡ್ಡ ಬಂದರೆ ಅದನ್ನು ಮೊದಲೇ ಕೆರೆದು ಹಿಂದೆ ಸರಿಸಬೇಕು. ಕಲ್ಲಿಗೆ ಬಡಿದ ಜಾಗದಲ್ಲಿ ಉಕ್ಕು ಗಡುಸಾಗಿರುತ್ತದೆ. ಅರ ಅಲ್ಲಿ ಕಚ್ಚದೆ ಜಾರುತ್ತದೆ, ಬಲವಂತ ಮಾಡಿದರೆ ಅರದ ಹಲ್ಲೇ ಹೋಗುತ್ತದೆ. ಒರಟು ವಜ್ರದ ಕಲ್ಲಿನಿಂದ ಆ ಗಡುಸನ್ನು ಮುರಿದ ಮೇಲೇ ಅರ ಹಿಡಿಯಬೇಕು. ನಿತ್ಯದ ಆರೈಕೆಗೆ ಅರ ಬೇಕಿಲ್ಲ. ನೀರು ಹಚ್ಚಿದ ವಜ್ರದ ಕಲ್ಲನ್ನು ಒರಟಿನಿಂದ ನಯದತ್ತ ಬದಲಿಸುತ್ತ ಎಳೆದರೆ ಸಾಕು. ಉಕ್ಕು ಇರುವುದೇ ಎರಡು ಮಿಲಿಮೀಟರ್; ಅರ ಹಾಕಿದಷ್ಟೂ ಹಲಗೆಯ ಆಯಸ್ಸು ಕಡಿಮೆ. ಕೊನೆಗೆ ಅಂಚಿನಲ್ಲಿ ಮಡಚಿಕೊಂಡ ಸಿಬಿರನ್ನು ರಬ್ಬರ್ ಕಲ್ಲಿನಿಂದ ತೆಗೆದು, ಬೆರಳಿನ ಉಗುರನ್ನು ಅಂಚಿಗೆ ಅಡ್ಡಲಾಗಿ ಎಳೆದು ನೋಡುತ್ತಾರೆ. ಉಗುರಿನ ಬಿಳಿ ಪುಡಿ ಎದ್ದರೆ ಅಂಚು ಸಿದ್ಧ.

ತಳಕ್ಕೆ ಮೇಣ ಹಾಕುವುದು ಇದಕ್ಕಿಂತ ಸರಳ. ಇಸ್ತ್ರಿಪೆಟ್ಟಿಗೆಯಂಥ ಸಾಧನದಿಂದ ಮೇಣ ಕರಗಿಸಿ ಹರಡುವುದು, ತಣಿಯಲು ಬಿಡುವುದು, ಕೆರೆಯುವುದು, ಬ್ರಷ್ಷಿನಿಂದ ಉಜ್ಜುವುದು. ಪೆಟ್ಟಿಗೆಯನ್ನು ಒಂದೇ ಕಡೆ ನಿಲ್ಲಿಸಿದರೆ ಪ್ಲಾಸ್ಟಿಕ್ ತಳ ಸುಟ್ಟುಹೋಗುತ್ತದೆ, ಅದೊಂದು ಎಚ್ಚರ ಸಾಕು. ಚಳಿ ಹೆಚ್ಚಿದಷ್ಟೂ ಗಡುಸು ಮೇಣ. ಮೊದಲು ಫ್ಲೋರಿನ್ ಬೆರೆತ ಮೇಣಕ್ಕೆ ಸ್ಪರ್ಧಾಳುಗಳು ಮುಗಿಬೀಳುತ್ತಿದ್ದರು. ಅದರ ರಾಸಾಯನಿಕಗಳು ಮಣ್ಣು ನೀರುಗಳಲ್ಲಿ ವಿಘಟನೆಯಾಗದೆ ಉಳಿಯುತ್ತವೆಂಬ ಕಾರಣಕ್ಕೆ ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟ 2023–24ರ ಋತುವಿನಿಂದ ಅದನ್ನು ನಿಷೇಧಿಸಿತು. ಬಹಳ ಒಳ್ಳೆಯ ನಿರ್ಧಾರ. ಆ ಹಿಮ ಕರಗಿ ಹರಿಯುವುದು ಕೆಳಗಿನ ಊರುಗಳ ಕುಡಿಯುವ ನೀರಿಗೇ.

ಇಷ್ಟಾದರೂ ಹಿಮ್ಮಡಿಯ ಕಡೆಯ ತಿರುವಿನಲ್ಲಿ ಹಲಗೆ ಟಕಟಕ ಕುಣಿಯುತ್ತದೆ ಎಂಬ ದೂರು ಎಲ್ಲ ಕಡೆ ಕೇಳಿಬರುತ್ತದೆ. ಎಲ್ಲರೂ ತಕ್ಷಣ ಅಂಚನ್ನು ದೂರುತ್ತಾರೆ, ಇಲ್ಲವೇ ಬೂಟನ್ನು ಹಲಗೆಯಿಂದ ಎತ್ತರಿಸಿ ಬೇರ್ಪಡಿಸುವ ದುಬಾರಿ ಪ್ಲೇಟ್ ಕೊಳ್ಳಲು ಹೊರಡುತ್ತಾರೆ. ನಾನಾದರೆ ಮೊದಲು ಸ್ಕ್ರೂಗಳನ್ನು ನೋಡುತ್ತೇನೆ, ಅವು ನಡುಕಕ್ಕೆ ಸಡಿಲಾಗುತ್ತವೆ. ಆಮೇಲೆ ಬೂಟು. ಒಳಗೆ ಹಿಮ್ಮಡಿ ಏಳುತ್ತಿದ್ದರೆ ಯಾವ ಕೋನವೂ ಕೆಲಸ ಮಾಡದು. ಅದಾದ ಮೇಲೆ ಹಿಂದಿನ ಕಾಲಿನ ಎತ್ತರ, ಕೊನೆಗೆ ಅಂಚು.

ನಮ್ಮ ದೇಶದಲ್ಲಿ ಈ ಹಲಗೆ ಅಪರೂಪ. ಗುಲ್‌ಮಾರ್ಗ್ ಪುಡಿಹಿಮಕ್ಕೆ ಹೆಸರಾದದ್ದು. ಸಪೂರ ಹಲಗೆ ಅದರಲ್ಲಿ ಮುಳುಗುತ್ತದೆ. ಆದರೆ ಡೆನ್ವರ್, ಟೊರಾಂಟೊ, ಮ್ಯೂನಿಕ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಒತ್ತಿ ಗಟ್ಟಿಮಾಡಿದ ಇಳಿಜಾರು ಕಾರಿನ ದೂರದಲ್ಲಿದೆ. ಅವರಲ್ಲಿ ಯಾರಿಗಾದರೂ ಆಸೆ ಹುಟ್ಟಿದರೆ, ಹಣವನ್ನು ಮೊದಲು ಕಾಲಿಗೆ ಸರಿಯಾಗಿ ಕೂರುವ ಬೂಟಿಗೆ ಹಾಕಲಿ. ಹಲಗೆ ಹಳೆಯದಾದರೂ ನಡೆಯುತ್ತದೆ, ಅಂಚಿನಲ್ಲಿ ಉಕ್ಕು ಉಳಿದಿದ್ದರೆ ಆಯಿತು. ಜೊತೆಗೆ ಒಂದು ಅರ, ಎರಡು ವಜ್ರದ ಕಲ್ಲು, ಕೋನದ ಚೌಕಟ್ಟು, ಒಂದು ಮಾರ್ಕರ್, ಬರೆದಿಡಲು ಒಂದು ಪುಸ್ತಕ.