ನಾಯಕನು ಹೊರಗೆ ಹೋದಾಗ

ಪ್ರಯೋಗಶಾಲೆಯಲ್ಲಿ ನಾವು ಉಷ್ಣತೆಯನ್ನು ಸ್ಥಿರವಾಗಿಟ್ಟು, ಅನಿಲದ ಮೇಲಣ ಒತ್ತಡವನ್ನು ಮಾತ್ರ ಬದಲಿಸಿ, ಅದರ ಗಾತ್ರವನ್ನು ಅಳೆಯುತ್ತೇವೆ. ನಾಯಕತ್ವವನ್ನು ಹೀಗೆ ಪರೀಕ್ಷಿಸಬಹುದೆ? 1933ರಲ್ಲಿ ಹಿಟ್ಲರನ ಜರ್ಮನಿಯನ್ನು ತೊರೆದು ಅಮೆರಿಕಕ್ಕೆ ಬಂದ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನನಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಾಗಿರಲಿಲ್ಲ.

ಲಿಪ್ಪಿಟ್ ಮತ್ತು ವೈಟರೊಡನೆ ಆತನು ಅಯೋವಾ ವಿಶ್ವವಿದ್ಯಾನಿಲಯದಲ್ಲಿ ಹತ್ತು ವರ್ಷದ ಹುಡುಗರ ನಾಲ್ಕು ಸಂಘಗಳನ್ನು ಕಟ್ಟಿದನು. ಸಂಘವೊಂದಕ್ಕೆ ಐವರು, ಮುಖವಾಡ ಮಾಡುವುದೇ ಮೊದಲಾದ ಕೆಲಸಗಳು. ಹುಡುಗರು ಅವರೇ, ಆದರೆ ಆರು ವಾರಗಳಿಗೊಮ್ಮೆ ನಾಯಕನೂ ಅವನ ರೀತಿಯೂ ಬದಲಾಗುತ್ತಿದ್ದವು. ಒಬ್ಬನು ಅಪ್ಪಣೆ ಕೊಡುವವನು; ಒಬ್ಬನು ಹುಡುಗರೊಡನೆ ಚರ್ಚಿಸಿ ನಿರ್ಧರಿಸುವವನು; ಇನ್ನೊಬ್ಬನು ಏನೂ ಹೇಳದೆ ಸುಮ್ಮನಿರುವವನು. (ಈ ಮೂರನೆಯ ರೀತಿ ಮೊದಲ ಯೋಜನೆಯಲ್ಲಿರಲಿಲ್ಲ. ವೈಟನು ಪ್ರಜಾಪ್ರಭುತ್ವವನ್ನು ನಡೆಸಲು ಹೋಗಿ ಆದುದು ಇದು!) ವೀಕ್ಷಕರು ನಡೆದುದೆಲ್ಲವನ್ನೂ ನಿಮಿಷ ನಿಮಿಷಕ್ಕೂ ಬರೆದುಕೊಂಡರು.

ಪ್ರಯೋಗದ ಜಾಣ್ಮೆಯೆಲ್ಲ ಇರುವುದು ನಾಯಕನನ್ನು ಬೇಕೆಂದೇ ಹೊರಗೆ ಕಳುಹಿಸಿದುದರಲ್ಲಿ. ಅಪ್ಪಣೆಗೆ ತಗ್ಗಿ ನಡೆದ ಸಂಘಗಳು ನಾಯಕನೆದುರಿಗೆ ನೂರಕ್ಕೆ 74ರಷ್ಟು ಹೊತ್ತು ಕೆಲಸದಲ್ಲಿ ಮಗ್ನವಾಗಿದ್ದವು. ಅವನು ಬಾಗಿಲು ದಾಟಿದೊಡನೆ ಅದು 29ಕ್ಕೆ ಇಳಿಯಿತು. ಚರ್ಚೆಯ ಸಂಘಗಳಲ್ಲಿ 50 ಇದ್ದುದು 46 ಆಯಿತು, ಅಷ್ಟೆ. ಕೇವಲ ಇಪ್ಪತ್ತು ಹುಡುಗರನ್ನು ನೋಡಿ ನಾವು ಸೇನಾನಿಗಳನ್ನೂ ಮಂತ್ರಿಗಳನ್ನೂ ತೂಗಲಾಗದು, ನಿಜ. ಆದರೆ ಸುಮ್ಮನಿದ್ದ ನಾಯಕನ ಸಂಘದ ಸಂಗತಿ ಸ್ವಾರಸ್ಯವಾಗಿದೆ: ಅವನು ಹೊರಗೆ ಹೋದಾಗ ಕೆಲಸವು ಹೆಚ್ಚಿತು! ಹುಡುಗರಲ್ಲೇ ಒಬ್ಬನು ಮುಂದಾಳಾಗಿ ನಿಲ್ಲುತ್ತಿದ್ದನು.